ಗುರೆಳ್ಳು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಕಪ್ಪನೆಯ ಪುಡಿಯೊಂದನ್ನು ಬಡಿಸುವ ರೂಢಿ ಉಂಟು. ಅದರ ನಡುವೆ ಬೆರಳಿನಿಂದ ಸಣ್ಣ ಗುಳಿ ಮಾಡಿ ಎಣ್ಣೆ ಹಾಕಿಕೊಳ್ಳುವರು. ಇಲ್ಲವೆ ಗಟ್ಟಿ ಮೊಸರಿನೊಡನೆ ಕಲಸಿಕೊಳ್ಳುವರು. ಇದೇ ಗುರೆಳ್ಳು ಚಟ್ನಿ. ನೀರಿನ ಪಸೆ ಇಲ್ಲದ ಈ ಪುಡಿ ಬಿಸಿಲಿನಲ್ಲಿ ಹುಳಿಯದು. ಆದುದರಿಂದ ಹೊಲದ ಬುತ್ತಿಗೆ ಇದು ಬಲು ಅನುಕೂಲ. ಬದನೆಕಾಯಿ ಎಣ್ಣೆಗಾಯಿಗೆ ರುಚಿ ಕೊಡುವುದೂ ಇದೇ ಪುಡಿ.

ದಕ್ಷಿಣ ಕರ್ನಾಟಕದವರು ಗುರೆಳ್ಳನ್ನು ಹುಚ್ಚೆಳ್ಳು ಎನ್ನುತ್ತಾರೆ. ಹೆಸರಿನಲ್ಲಿ ಎಳ್ಳು ಇದ್ದರೂ ಇದು ಎಳ್ಳಿನ ಬಂಧುವಲ್ಲ. ಸೂರ್ಯಕಾಂತಿ, ಕುಸುಬೆಗಳ ಕುಲಕ್ಕೆ ಸೇರಿದ ಸಸ್ಯ. ಇದರ ಹಳದಿ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುವುದು ಅಪರೂಪ. ಜೇನ್ನೊಣಗಳು ಗಿಡದಿಂದ ಗಿಡಕ್ಕೆ ಪರಾಗವನ್ನು ಒಯ್ಯಬೇಕು.

ಇಂಗ್ಲಿಷಿನಲ್ಲಿ ಈ ಕಾಳಿಗೆ ನೈಜರ್ ಬೀಜವೆಂದು ಹೆಸರು. ನೈಜರ್ ಎಂದೊಡನೆ ಪಶ್ಚಿಮ ಆಫ್ರಿಕದ ಮಹಾನದಿ ನೆನಪಾಗುತ್ತದೆ. ಆದರೆ ಇದರ ತವರು ಖಂಡದ ಇನ್ನೊಂದು ಅಂಚಿನಲ್ಲಿರುವ ಇಥಿಯೋಪಿಯದ ಎತ್ತರದ ನೆಲ. ಅಲ್ಲಿ ಇದನ್ನು ನೂಗ್ ಎಂದು ಕರೆಯುತ್ತಾರೆ. ನಮ್ಮ ಜೋಳವೂ ಆಫ್ರಿಕದಿಂದಲೇ ಬಂದುದು. ಹೀಗೆ ರೊಟ್ಟಿ, ಚಟ್ನಿ ಎರಡೂ ಒಂದೇ ಖಂಡದಿಂದ ಬಂದು ಎರೆನಾಡಿನ ತಟ್ಟೆಯಲ್ಲಿ ಕೂಡಿವೆ! ಪಶ್ಚಿಮ ಆಫ್ರಿಕದ ಹೌಸಾ ಜನರಾದರೋ ಜೋಳ, ಸಜ್ಜೆಗಳ ಮುದ್ದೆಯೊಡನೆ ಉಣ್ಣುವ ಸಾರಿಗೆ ದವದವ ಎಂಬ ಸಂಬಾರವನ್ನು ಹಾಕುತ್ತಾರೆ. ಅದು ಒಂದು ಮರದ ಬೀಜಗಳನ್ನು ಬೇಯಿಸಿ, ಹುದುಗಿಸಿ ಮಾಡಿದ್ದು. ಬರಿಯ ಧಾನ್ಯದ ಊಟಕ್ಕೆ ರುಚಿ, ಸತ್ವಗಳನ್ನು ಕೂಡಿಸುವ ಉಪಾಯ ಎರಡೂ ಕಡೆ ಒಂದೇ ಬಗೆಯದು.

ಆ ಸತ್ವ ಯಾವುದು? ನೂರು ಗ್ರಾಂ ಜೋಳದಲ್ಲಿ ಮೇದಸ್ಸು ಎರಡು-ಮೂರು ಗ್ರಾಂ ಮಾತ್ರ. ಅಷ್ಟೇ ಗುರೆಳ್ಳಿನಲ್ಲಿ 30ರಿಂದ 40 ಗ್ರಾಂ ಎಣ್ಣೆ, ಸುಮಾರು 20 ಗ್ರಾಂ ಸಸಾರಜನಕ ಇವೆ. ಎಣ್ಣೆಯ ಹೆಚ್ಚಿನ ಪಾಲು ಲಿನೋಲಿಕ್ ಆಮ್ಲ. ನಮ್ಮ ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು; ಆಹಾರದಿಂದಲೇ ಪಡೆಯಬೇಕು. ಸುಣ್ಣ, ಕಬ್ಬಿಣಗಳ ಅಂಶವೂ ಕಾಳಿನಲ್ಲಿ ಉಂಟು. ಹಾಗೆಂದು ಚಟ್ನಿಯನ್ನು ಔಷಧಿಯೆಂದು ತಿಳಿಯಬಾರದು. ಊಟಕ್ಕೆ ನಾವು ಹಾಕಿಕೊಳ್ಳುವುದು ಒಂದೆರಡು ಚಮಚ. ಅದರಲ್ಲಿ ಉಪ್ಪೂ ಸೇರಿರುತ್ತದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ತುಂಬಲು ಹೆಸರು, ಮಡಿಕೆ ಮೊದಲಾದ ಕಾಳಿನ ಪಲ್ಯವೇ ಬೇಕು.

ಚಟ್ನಿ ಮಾಡುವ ಕೆಲಸ ಸುಲಭವೆಂದು ತೋರಿದರೂ ತಾಳ್ಮೆಯನ್ನು ಬೇಡುತ್ತದೆ. ಕಪ್ಪು ಕಾಳಿನಲ್ಲಿ ಎರೆಮಣ್ಣಿನ ಹರಳು ಕಣ್ಣಿಗೆ ಬೀಳುವುದಿಲ್ಲ. ಹಲ್ಲಿಗೆ ಮಾತ್ರ ತಪ್ಪದೆ ಸಿಗುತ್ತದೆ! ಆದುದರಿಂದ ಚೆನ್ನಾಗಿ ಕೇರಿ ಹಸನು ಮಾಡಬೇಕು. ಬಳಿಕ ಸಣ್ಣ ಉರಿಯಲ್ಲಿ, ಕಾಳು ಚಟಪಟನೆ ಸಿಡಿದು ಕಂಪು ಬರುವವರೆಗೆ ಹುರಿಯಬೇಕು. ಬಣ್ಣ ನೋಡಿ ಹದವನ್ನು ತಿಳಿಯುವಂತಿಲ್ಲ. ಮೂಗು, ಕಿವಿಗಳನ್ನೇ ನಂಬಬೇಕು. ಆರಿದ ಮೇಲೆ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಖಾರ, ಜೀರಿಗೆ, ಕರಿಬೇವು, ಉಪ್ಪು, ತುಸು ಹುಣಸೆಹಣ್ಣು ಕೂಡಿಸಿ ಕುಟ್ಟುತ್ತಾರೆ. ಅತಿಯಾಗಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಗುರೆಳ್ಳಿನ ಗುಣವೇ ಅದರ ದೌರ್ಬಲ್ಯವೂ ಹೌದು. ಲಿನೋಲಿಕ್ ಆಮ್ಲ ಗಾಳಿಯ ಆಮ್ಲಜನಕದೊಡನೆ ಬೇಗ ಕೂಡುತ್ತದೆ. ಇಡಿಯ ಕಾಳಿಗೆ ಸಿಪ್ಪೆಯ ಕಾವಲುಂಟು, ಪುಡಿಗೆ ಅದಿಲ್ಲ. ಹೆಚ್ಚು ದಿನ ಇಟ್ಟ ಪುಡಿ ಕಮಟು ವಾಸನೆ ಹಿಡಿಯುವುದು ಇದರಿಂದಲೇ. ಮನೆಯ ಹಿರಿಯ ಹೆಂಗಸರು ಕಾಳನ್ನು ಇಡಿಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟು, ಕೆಲವು ದಿನಗಳಿಗೆ ಬೇಕಾದಷ್ಟನ್ನು ಮಾತ್ರ ಹುರಿದು ಕುಟ್ಟಿಕೊಳ್ಳುತ್ತಾರೆ.