ತಾಳಿ ತೆಗೀಬ್ಯಾಡ್ರಿ ಅಕ್ಕಾ!

ಮೂರು ವರ್ಷ ಓದಿ ಇಂಟರ್ನ್‌ಶಿಪ್‌ಗೆ ಬಂದ ಮೆಡಿಕಲ್ ಇಮೇಜಿಂಗ್ ವಿದ್ಯಾರ್ಥಿಗೆ ಹಾವೇರಿ ಕಡೆ ಮೊದಲು ಎದುರಾಗೋದು ಮಷಿನ್ ಅಲ್ಲ, ತಾಳಿ! ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೆಮ್ಮುತ್ತಾ ಬಂದ ಅಕ್ಕ ಎದೆ ಎಕ್ಸ್‌ರೇಗೆ ನಿಂತರೆ, ಲೋಹದ ನೆರಳು ಚಿತ್ರದಲ್ಲಿ ಬೀಳುತ್ತೆ. 'ತೆಗೀರಿ' ಅಂದ್ರೆ ತೆಗೀತಾರಾ? 'ಮ್ಯಾಲೆತ್ತಿ ಬಾಯಾಗ ಹಿಡ್ಕೋರಿ, ಉಸ್ರು ಜೋರ ಎಳ್ಕೋರಿ' ಅನ್ನೋ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ, ಸೀನಿಯರ್ ಟೆಕ್ನಿಷಿಯನ್ ಹತ್ರಾನೇ ಕಲೀಬೇಕು. ಉಸಿರು ಅರ್ಧಕ್ಕೇ ಬಿಟ್ರೆ ಚಿತ್ರ ಕೆಡುತ್ತೆ, ಮತ್ತೊಮ್ಮೆ ವಿಕಿರಣ.

ರಾಣೆಬೆನ್ನೂರಿನ ಸೊಸೆಗೆ ಹೊಟ್ಟೆ ಎಕ್ಸ್‌ರೇ ಅಂದ್ರೆ ಇನ್ನೂ ಕಷ್ಟ. 'ತಿಂಗಳು ತಪ್ಪೈತೇನ್ರಿ?' ಅಂತ ಅತ್ತೆ ಎದುರು ಹುಡುಗ ಕೇಳೋದು ಹೇಗೆ? ಸಿಸ್ಟರ್‌ನ ಕರೆದಾದ್ರೂ ಕೇಳಲೇಬೇಕು, ಒಳಗೆ ಕೂಸಿದ್ರೆ?

ವಿದ್ಯಾರ್ಥಿಯ ಅಂಗಿ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಅವನಿಗೆ ತಗುಲಿದ ವಿಕಿರಣದ ಲೆಕ್ಕ ಇಡುತ್ತೆ. ಆ ಅಕ್ಕನಿಗೆ ಬ್ಯಾಡ್ಜ್ ಇಲ್ಲ.