ಮೊದಲು ಶೀಲ್ಡ್, ಆಮೇಲೆ ಗನ್!

ಮೂರನೇ ಸೆಕ್ಟರ್‌ನಲ್ಲಿ ನನ್ನ ಹಡಗು ಚೂರುಚೂರಾದಾಗ ನನ್ನ ಖಾತೆಯಲ್ಲಿ 94 ಸ್ಕ್ರ್ಯಾಪ್ ಹಾಗೇ ಉಳಿದಿತ್ತು. ಹಿಂದೆ ನಿಂತು ನೋಡುತ್ತಿದ್ದ ಸಂಡೂರಿನ ದೋಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಲೇ, ದುಡ್ಡು ಇಟ್ಕೊಂಡು ಸತ್ಯಲ್ಲೋ! ಮೇಲಕ್ಕೆ ಒಯ್ಯಾಕ ಕೂಡಿಟ್ಟಿದ್ದೇನು?’ ಅಂದ. ಆಗ ಸಿಟ್ಟು ಬಂದಿತ್ತು. ಈಗ ಆ ಮಾತು ನೆನಪಾದರೆ ನಗು ಬರುತ್ತದೆ, ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾಕೆಂದರೆ ಆಟದಲ್ಲಿ ಮಾಡಿದ ತಪ್ಪನ್ನೇ ನಾನು ಆಟದ ಹೊರಗೂ ಮಾಡಿದ್ದೆ.

ಆಟದ ಹೆಸರು ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’. ಜಸ್ಟಿನ್ ಮಾ, ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರು ಕೆಲಸ ಬಿಟ್ಟು ಮಾಡಿದ ಆಟ. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಮುಂದೆ 10 ಸಾವಿರ ಡಾಲರ್ ಕೇಳಿದರಂತೆ, ಬಂದದ್ದು 2 ಲಕ್ಷ ಡಾಲರ್! ಅದೇ ವರ್ಷ ಆಟ ಬಿಡುಗಡೆಯಾಯಿತು. ನಾನು ಇದನ್ನು ಆರಿಸಿಕೊಳ್ಳಲು ದೊಡ್ಡ ಕಾರಣವೇನೂ ಇಲ್ಲ. ಹೊಸಪೇಟೆಯ ನಮ್ಮ ರೂಮಿನಲ್ಲಿರುವ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಹ್ಯಾಂಗ್ ಆಗದೆ ಓಡುವ ಆಟ ಇದೊಂದೇ.

ಕಥೆ ಸರಳ. ನಿಮ್ಮದೊಂದು ಪುಟ್ಟ ಬಾಹ್ಯಾಕಾಶ ನೌಕೆ. ಅದರಲ್ಲಿ ಬೆರಳೆಣಿಕೆಯ ಸಿಬ್ಬಂದಿ, ಕೈಯಲ್ಲೊಂದು ಗುಟ್ಟಿನ ಮಾಹಿತಿ. ಬೆನ್ನ ಹಿಂದೆ ಬಂಡಾಯಗಾರರ ದೊಡ್ಡ ಪಡೆ. ಎಂಟು ಸೆಕ್ಟರ್ ದಾಟಬೇಕು, ಕೊನೆಗೆ ಅವರ ಮುಖ್ಯ ಯುದ್ಧನೌಕೆಯನ್ನೇ ಎದುರಿಸಬೇಕು. ದಾರಿಯಲ್ಲಿ ಗೆದ್ದ ಪ್ರತಿ ಕಾದಾಟಕ್ಕೂ ಸ್ವಲ್ಪ ಸ್ಕ್ರ್ಯಾಪ್, ಅಂದರೆ ಗುಜರಿ ಸಿಗುತ್ತದೆ. ಅದೇ ಇಲ್ಲಿನ ದುಡ್ಡು. ಶೀಲ್ಡ್, ಎಂಜಿನ್, ಗನ್, ರಿಪೇರಿ, ಇಂಧನ ಎಲ್ಲದಕ್ಕೂ ಅದೇ ಬೇಕು. ಎಲ್ಲವನ್ನೂ ಕೊಳ್ಳುವಷ್ಟು ಮಾತ್ರ ಯಾವತ್ತೂ ಸಿಗುವುದಿಲ್ಲ. ಒಮ್ಮೆ ಸತ್ತರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಆಟದ ಅರ್ಧ ಹಣೆಬರಹ ಮೊದಲ ಎರಡು ಸೆಕ್ಟರ್‌ನಲ್ಲೇ ಬರೆದಾಗಿರುತ್ತದೆ. ಮೊದಲ ಸ್ಕ್ರ್ಯಾಪನ್ನು ಯಾವುದಕ್ಕೆ ಹಾಕಿದಿರಿ ಎನ್ನುವುದರ ಮೇಲೆ!

ಗನ್ನಿನ ಹುಚ್ಚು

ಹೊಸಬರಿಗೆ ಸಿಗುವ ನೌಕೆ ‘ಕೆಸ್ಟ್ರೆಲ್’. ಅದರಲ್ಲಿ ಒಂದು ಪದರದ ಶೀಲ್ಡ್, ಒಮ್ಮೆಗೆ ಮೂರು ಗುಂಡು ಹಾರಿಸುವ ಲೇಸರ್, ಒಂದು ಕ್ಷಿಪಣಿ ಗನ್, ಮೂವರು ಸಿಬ್ಬಂದಿ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ದೊಡ್ಡ ಗನ್. ಅಂಗಡಿ ಸಿಕ್ಕಾಗ ಕೊಳ್ಳೋಣ ಅಂತ ಸ್ಕ್ರ್ಯಾಪ್ ಕೂಡಿಡುತ್ತ ಹೋದೆ. ಆದರೆ ಅಂಗಡಿ ಎಲ್ಲಿ ಸಿಗುತ್ತದೆ, ಅದರಲ್ಲಿ ಏನಿರುತ್ತದೆ ಎನ್ನುವುದು ಅದೃಷ್ಟ. ನಾನು ಕಾಯುತ್ತಿದ್ದೆ, ಶತ್ರುಗಳು ಕಾಯಲಿಲ್ಲ. ಒಂದು ಪದರದ ಶೀಲ್ಡ್ ಲೇಸರಿನ ಒಂದು ಏಟನ್ನು ಮಾತ್ರ ತಡೆಯುತ್ತದೆ. ಬೆನ್ನಿಗೇ ಬರುವ ಎರಡನೆಯದು, ಮೂರನೆಯದು ನೇರ ಒಳಗೆ. 94 ಸ್ಕ್ರ್ಯಾಪಿನ ಕಥೆ ಅಲ್ಲಿಗೆ ಮುಗಿಯಿತು.

ಮುಂದಿನ ಸಲ ಅದೃಷ್ಟ ಕುದುರಿತು. ಎರಡನೇ ಸೆಕ್ಟರ್‌ನಲ್ಲೇ ಅಂಗಡಿ, ಅದರಲ್ಲಿ ಭರ್ಜರಿ ಗನ್. ಇದ್ದದ್ದೆಲ್ಲ ಸುರಿದು ಕೊಂಡೆ. ಜೋಡಿಸಿದೆ, ಹೊತ್ತಿಕೊಳ್ಳಲೇ ಇಲ್ಲ! ಈ ಆಟದಲ್ಲಿ ಪ್ರತಿ ಗನ್ನಿಗೂ ಇಷ್ಟಿಷ್ಟು ಅಂತ ವಿದ್ಯುತ್ ಬೇಕು. ಅದನ್ನು ತೆಗೆದುಕೊಳ್ಳಲು ಶಸ್ತ್ರ ವಿಭಾಗ ದೊಡ್ಡದಾಗಿರಬೇಕು, ಕೊಡಲು ರಿಯಾಕ್ಟರಿನಲ್ಲಿ ವಿದ್ಯುತ್ ಇರಬೇಕು. ನನ್ನ ಬಳಿ ಎರಡೂ ಇರಲಿಲ್ಲ. ಕರೆಂಟಿಲ್ಲದ ಊರಿಗೆ ಫ್ರಿಜ್ ತಂದ ಹಾಗಾಯಿತು. ಆ ಭರ್ಜರಿ ಗನ್ ಹೊತ್ತುಕೊಂಡೇ ಮತ್ತೆ ಸತ್ತೆ.

ಸತ್ತು ಸತ್ತು ಕಲಿತ ಲೆಕ್ಕ

ಹತ್ತಾರು ಸಲ ಸತ್ತ ಮೇಲೆ ಒಂದು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಹೀಗೆ ಬರೆದಿಟ್ಟುಕೊಂಡೆ.

ಒಂದು, ಮೊದಲ ದುಡ್ಡು ಎರಡನೇ ಪದರದ ಶೀಲ್ಡಿಗೆ. ಒಂದು ಪದರಕ್ಕೆ ಎರಡು ಗೆರೆ ವಿದ್ಯುತ್ ಬೇಕು. ಒಂದು ಗೆರೆ ಹೆಚ್ಚಿಸಿ ನಿಲ್ಲಿಸಿದರೆ ಹೊಸ ಪದರ ಬರುವುದಿಲ್ಲ. ಶೀಲ್ಡಿನ ಜೊತೆಗೇ ರಿಯಾಕ್ಟರನ್ನೂ ಹೆಚ್ಚಿಸಬೇಕು. ಇದಕ್ಕೆ ಅಂಗಡಿಯೇನೂ ಬೇಡ, ಕಾದಾಟವಿಲ್ಲದ ಹೊತ್ತಲ್ಲಿ ಎಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಇದನ್ನು ಎರಡನೇ ಸೆಕ್ಟರ್ ಮುಗಿಯುವುದರೊಳಗೆ ಮುಗಿಸಿದರೆ ಒಳ್ಳೆಯದು.

ಎರಡು, ಎಂಜಿನ್. ಕ್ಷಿಪಣಿಗೆ ಶೀಲ್ಡಿನ ಲೆಕ್ಕವೇ ಇಲ್ಲ, ತೂರಿಕೊಂಡು ಒಳಗೆ ಬರುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಎಂಜಿನ್ ಬೇಕು. ಪೈಲಟ್ ಸೀಟಿನಲ್ಲೊಬ್ಬ, ಎಂಜಿನ್ ಕೋಣೆಯಲ್ಲೊಬ್ಬ ಕೂತಿದ್ದರೆ ಇನ್ನೂ ಉತ್ತಮ.

ಮೂರು, ಬಾಗಿಲು. ಕೇಳಿದರೆ ಯಾರಿಗೂ ಇದರಲ್ಲಿ ಆಸಕ್ತಿ ಇರುವುದಿಲ್ಲ. ಆದರೆ ಕಡಿಮೆ ದುಡ್ಡಿಗೆ ಇಷ್ಟು ಉಪಕಾರ ಮಾಡುವ ಇನ್ನೊಂದು ವಸ್ತು ನೌಕೆಯಲ್ಲಿಲ್ಲ. ಬಾಗಿಲು ಗಟ್ಟಿಯಿದ್ದರೆ ಬೆಂಕಿ ಬೇಗ ಹರಡುವುದಿಲ್ಲ, ಒಳಗೆ ನುಗ್ಗಿದ ಶತ್ರು ಅದನ್ನು ಒಡೆಯುತ್ತ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ನೀವು ಆ ಕೋಣೆಯ ಗಾಳಿಯನ್ನೇ ಹೊರಗೆ ಬಿಟ್ಟುಬಿಡಬಹುದು.

ನಾಲ್ಕು, ಆಮೇಲೆ ಗನ್. ಗನ್ ಬೇಡವೇ ಬೇಡ ಅಂತಲ್ಲ. ಮುಂದೆ ಹೋದಂತೆ ಶತ್ರುಗಳ ಶೀಲ್ಡೂ ದಪ್ಪವಾಗುತ್ತದೆ, ಬರೀ ತಡೆಯುತ್ತ ಕೂತರೆ ಗೆಲ್ಲುವುದಿಲ್ಲ. ಆದರೆ ಕೆಸ್ಟ್ರೆಲ್‌ನ ಲೇಸರ್ ಮೊದಲ ಎರಡು ಸೆಕ್ಟರಿಗೆ ಧಾರಾಳವಾಗಿ ಸಾಕು. ಸಾಕಾಗುವಷ್ಟು ಇರುವುದನ್ನೇ ಮತ್ತೆ ಕೊಳ್ಳುವುದಕ್ಕೆ ಅವಸರವೇಕೆ?

ಇದು ಎಲ್ಲ ನೌಕೆಗೂ ಹೊಂದುವ ಮಂತ್ರವಲ್ಲ. ‘ಸ್ಟೆಲ್ತ್ ಕ್ರೂಸರ್’ ಎಂಬ ನೌಕೆಗೆ ಆರಂಭದಲ್ಲಿ ಶೀಲ್ಡೇ ಇರುವುದಿಲ್ಲ, ಅದರ ಬದುಕೆಲ್ಲ ತಪ್ಪಿಸಿಕೊಳ್ಳುವುದರಲ್ಲೇ. ಅದರ ಲೆಕ್ಕವೇ ಬೇರೆ. ಹಾಗಾಗಿ ಪಟ್ಟಿಗಿಂತ ಮುಖ್ಯವಾದದ್ದು ಒಂದು ಪ್ರಶ್ನೆ: ‘ಮುಂದಿನ ಏಟಿಗೆ ನನ್ನನ್ನು ಕೊಲ್ಲುವುದು ಯಾವುದು?’ ಮೊದಲ ದುಡ್ಡು ಅದಕ್ಕೆ ಹೋಗಬೇಕು.

ನನ್ನ ಪಟ್ಟಿ ಓದಿದ ಸಂಡೂರಿನ ದೋಸ್ತ ಒಂದೇ ಸಾಲಿನಲ್ಲಿ ಮುಗಿಸಿದ. ಅವನ ಮಾವ ಅದಿರು ಲಾರಿ ಓಡಿಸುತ್ತಾರೆ. ‘ಇದನ್ನ ಕಲಿಯಾಕ ಇಷ್ಟು ಸಲ ಸಾಯ್ಬೇಕಿತ್ತಾ? ನಮ್ಮ ಮಾವ ಹೇಳ್ತಾನ, ಲಾರಿಗೆ ಮೊದ್ಲು ಬ್ರೇಕು, ಆಮ್ಯಾಗ ಹಾರ್ನು. ಸಂಡೂರು ಘಾಟಿನಾಗ ಹಾರ್ನ್ ಹಾಕಿದ್ರ ಲಾರಿ ನಿಲ್ಲಂಗಿಲ್ಲ!’

ಹಂಪಿಯ ಗೋಡೆಯ ಮುಂದೆ

ಒಂದು ಭಾನುವಾರ ಹಂಪಿಗೆ ಹೋಗಿದ್ದೆವು. ಚಿಕ್ಕಂದಿನಿಂದ ನೂರು ಸಲ ನೋಡಿದ ಊರು. ಆದರೆ ಆವತ್ತು ಕಲ್ಲಿನ ರಥ ಬಿಟ್ಟು ಕೋಟೆಯ ಗೋಡೆಯನ್ನೇ ನೋಡುತ್ತ ನಿಂತೆ. 1443ರಲ್ಲಿ ಪ್ರೌಢದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ರಾಯಭಾರಿ ಅಬ್ದುಲ್ ರಜಾಕ್, ಏಳು ಸುತ್ತಿನ ಕೋಟೆಯ ಬಗ್ಗೆ ಬರೆದಿದ್ದಾನೆ. ಹೊರಗಿನ ಸುತ್ತಿನ ಮುಂದೆ ಕುದುರೆಗಳು ನುಗ್ಗದಂತೆ ಆಳೆತ್ತರದ ಕಲ್ಲುಗಳನ್ನು ನೆಟ್ಟಿದ್ದರಂತೆ. ಹೊರಗಿನ ಮೂರು ಸುತ್ತಿನ ನಡುವೆ ಹೊಲ, ಮನೆ, ತೋಟಗಳಿದ್ದವಂತೆ. ಅಂದರೆ ಶೀಲ್ಡಿನ ಒಳಗೇ ಊಟ! ಅವರು ಕಟ್ಟಿದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಹಂಪಿ, ಕಂಪ್ಲಿ ಕಡೆಯ ಗದ್ದೆಗಳಿಗೆ ನೀರು ಕೊಡುತ್ತಿವೆ.

ಹಾಗಾದರೆ ಈ ಊರು ಹಾಳಾದದ್ದು ಹೇಗೆ? 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದಲ್ಲಿ ರಾಮರಾಯ ಸತ್ತ, ಸೈನ್ಯ ಚೆದುರಿತು. ಅವನ ತಮ್ಮ ತಿರುಮಲ ಬೊಕ್ಕಸವನ್ನು ಹೇರಿಕೊಂಡು ಪೆನುಗೊಂಡೆಯ ಕಡೆ ಹೋದ. ಗೋಡೆಗಳು ಎಲ್ಲಿಗೂ ಹೋಗಿರಲಿಲ್ಲ, ಅವುಗಳ ಮೇಲೆ ನಿಲ್ಲುವವರು ಮಾತ್ರ ಇರಲಿಲ್ಲ. ವಿದ್ಯುತ್ ಇಲ್ಲದ ಶೀಲ್ಡ್ ಅಂದರೆ ಇದೇ ಅಲ್ಲವೇ ಅನಿಸಿತು. ಶೀಲ್ಡ್ ಕೊಂಡರೆ ಸಾಲದು, ಅದನ್ನು ನಡೆಸುವ ಶಕ್ತಿಯನ್ನೂ ಉಳಿಸಿಕೊಳ್ಳಬೇಕು.

ಒಂದು ಚೈನಿನ ಬೆಲೆ

ನಮ್ಮದು ಕಂಪ್ಲಿ ಹತ್ತಿರದ ಹಳ್ಳಿ. ಅಪ್ಪನದು ಭತ್ತದ ಗದ್ದೆ, ನೀರಿಗೆ ತುಂಗಭದ್ರೆಯೇ ಗತಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮರುದಿನ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ತುಂಬಿದ ಡ್ಯಾಮು. ಒಂದು ಕಡೆಗೇ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. ಆದರೆ ಆವತ್ತು ಊರಿನವರ ಮುಖದಲ್ಲಿದ್ದ ಭಯ ಪ್ರವಾಹದ್ದಲ್ಲ, ಬರಗಾಲದ್ದು. ಆಗಷ್ಟೇ ನಾಟಿ ಮಾಡಿದ್ದ ಗದ್ದೆಗೆ ಮುಂದೆ ನೀರು ಎಲ್ಲಿಂದ?

ಅಪ್ಪ ಟಿ.ವಿ. ಮುಂದೆ ಕೂತು ಒಂದೇ ಮಾತು ಕೇಳಿದ್ದರು: ‘ಮೂವತ್ಮೂರು ಗೇಟು ಕಾಣ್ತಾವು ತಮ್ಮ. ಚೈನು ಯಾರ ಕಣ್ಣಿಗೆ ಬೀಳ್ತೈತಿ?’

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ತಡೆದರು. ಆಮೇಲೆ ಮಳೆಯೂ ಕೈಹಿಡಿಯಿತು, ಡ್ಯಾಮು ಮತ್ತೆ ತುಂಬಿತು. ನಮ್ಮ ಭತ್ತ ಉಳಿಯಿತು. ಆದರೆ ಆ ಒಂದು ವಾರ ಅಪ್ಪ ಸರಿಯಾಗಿ ಊಟ ಮಾಡಿರಲಿಲ್ಲ. ನನ್ನ ಕಾಲೇಜಿನ ಫೀಸು ಆ ಗದ್ದೆಯಲ್ಲೇ ನಿಂತಿತ್ತು ಎನ್ನುವುದು ನನಗೂ ಗೊತ್ತಿತ್ತು.

ನನ್ನ 14 ಸಾವಿರ ಸ್ಕ್ರ್ಯಾಪ್

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ. ಹೋದ ವರ್ಷ ರಜೆಯಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡಿ 14 ಸಾವಿರ ರೂಪಾಯಿ ಕೂಡಿಸಿದ್ದೆ. ಜೀವನದ ಮೊದಲ ದುಡಿಮೆ. ಆಗ ಕಣ್ಣಿಗೆ ಬಿದ್ದದ್ದು ಆನ್‌ಲೈನ್ ಎಐ ಕೋರ್ಸಿನ ಜಾಹೀರಾತು. ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಎಐ. ನಾನೇ ಹಿಂದೆ ಬಿದ್ದೆನೇನೋ ಎನ್ನುವ ಭಯದಲ್ಲಿ ಮೊದಲ ಕಂತು 5 ಸಾವಿರ ಕಟ್ಟಿಯೇಬಿಟ್ಟೆ.

ಎರಡನೇ ವಾರಕ್ಕೇ ಪಾಠ ತಲೆಯ ಮೇಲಿಂದ ಹೋಗತೊಡಗಿತು. ಯಾಕೆಂದರೆ ನನಗೆ ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಬರೆಯುವುದೇ ಸರಿಯಾಗಿ ಬರುತ್ತಿರಲಿಲ್ಲ. ಮೂರನೇ ಸೆಮಿಸ್ಟರಿನ ಗಣಿತ ಬ್ಯಾಕ್‌ಲಾಗ್ ಇತ್ತು, ಅಲ್ಲಿ ಹೇಳುತ್ತಿದ್ದುದೆಲ್ಲ ಅದೇ ಗಣಿತ. ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೊಮ್ಮೆ ಹ್ಯಾಂಗ್. ಒಂದು ರಾತ್ರಿ ಸುತ್ತುತ್ತಿರುವ ಪರದೆಯನ್ನು ನೋಡುತ್ತ ಕೂತಿದ್ದಾಗ ಥಟ್ಟನೆ ಹೊಳೆಯಿತು. ಭರ್ಜರಿ ಗನ್ ಕೊಂಡಿದ್ದೇನೆ, ರಿಯಾಕ್ಟರ್ ಇಲ್ಲ!

ಉಳಿದ ಕಂತು ಕಟ್ಟಲಿಲ್ಲ. 5 ಸಾವಿರ ಹೋಯಿತು. ಕೈಯಲ್ಲಿದ್ದ 9 ಸಾವಿರವನ್ನು ಮುಂದಿಟ್ಟುಕೊಂಡು ಅದೇ ಪ್ರಶ್ನೆ ಕೇಳಿಕೊಂಡೆ: ಮುಂದಿನ ಏಟಿಗೆ ನನ್ನನ್ನು ಕೊಲ್ಲುವುದು ಯಾವುದು? ಉತ್ತರ ಎಐ ಬಾರದಿರುವುದಲ್ಲ. ಬ್ಯಾಕ್‌ಲಾಗ್. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್‌ಲಾಗ್ ಇದ್ದವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ. ಮೊದಲು ಗಣಿತದ ಪರೀಕ್ಷೆಗೆ ಫೀಸು ಕಟ್ಟಿದೆ. ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ಹಳೆಯ ರ‍್ಯಾಮ್ ಹಾಕಿಸಲು 4,200 ಆಯಿತು. ಓದಲು ಕೂತರೆ ತಲೆನೋವು ಬರುತ್ತಿತ್ತು, ಅದನ್ನು ಸೋಮಾರಿತನ ಅಂದುಕೊಂಡಿದ್ದೆ. ಕಣ್ಣು ಪರೀಕ್ಷೆ ಮಾಡಿಸಿದರೆ ಪವರ್ ಇತ್ತು. ಕನ್ನಡಕಕ್ಕೆ 1,500. ಪ್ರೋಗ್ರಾಮಿಂಗ್ ಪಾಠ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಕ್ಕಿತು, ಅಲ್ಲಿ ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ದುಡ್ಡು. ಉಳಿದದ್ದನ್ನು ಊರಿಗೆ ಹೋದಾಗ ಅವ್ವನ ಕೈಗೆ ಕೊಟ್ಟೆ. ‘ಇಟ್ಕೋ, ಬೇಕಾದಾಗ ಕೇಳ್ತೀನಿ’ ಅಂದೆ.

ಇದರಲ್ಲಿ ಒಂದನ್ನೂ ಸ್ಟೇಟಸ್‌ಗೆ ಹಾಕಿಕೊಳ್ಳಲು ಬರುವುದಿಲ್ಲ. ‘ಎಐ ಕಲಿಯುತ್ತಿದ್ದೇನೆ’ ಎಂದಾಗ 40 ಜನ ಲೈಕ್ ಒತ್ತಿದ್ದರು. ‘ಕನ್ನಡಕ ಹಾಕಿಕೊಂಡು ಎಂ-3 ಓದುತ್ತಿದ್ದೇನೆ’ ಎಂದರೆ ಯಾರು ಒತ್ತುತ್ತಾರೆ? ಆದರೆ ಈಗ ಒಂದು ಗಂಟೆ ಕೂತರೆ ಒಂದು ಗಂಟೆ ಓದಲು ಆಗುತ್ತದೆ. ಎಐ ಕೋರ್ಸು ಎಲ್ಲಿಗೂ ಓಡಿಹೋಗಿಲ್ಲ. ಅದಕ್ಕೆ ಬೇಕಾದ ವಿದ್ಯುತ್ ಬಂದ ಮೇಲೆ ಅದನ್ನೂ ಕೊಳ್ಳುತ್ತೇನೆ.

ಗಣಿತದ ರಿಸಲ್ಟ್ ಇನ್ನೂ ಬಂದಿಲ್ಲ. ಪೇಪರ್ ಚೆನ್ನಾಗಿ ಮಾಡಿದ್ದೇನೆ ಎನ್ನುವುದಷ್ಟೇ ಸದ್ಯದ ಧೈರ್ಯ. ಎಫ್‌ಟಿಎಲ್‌ನಲ್ಲೂ ಆ ಕೊನೆಯ ಯುದ್ಧನೌಕೆಯನ್ನು ಇನ್ನೂ ಸೋಲಿಸಿಲ್ಲ. ಹೋದ ವಾರ ಎಂಟನೇ ಸೆಕ್ಟರ್‌ವರೆಗೂ ಹೋಗಿ ಮತ್ತೆ ಸತ್ತೆ. ದೋಸ್ತ ಹಿಂದೆಯೇ ನಿಂತಿದ್ದ. ಈ ಸಲ ನಗಲಿಲ್ಲ. ಪರದೆಯ ಮೂಲೆಗೆ ಬೆರಳು ತೋರಿಸಿ, ‘ಎಷ್ಟು ಉಳೀತು?’ ಅಂತ ಕೇಳಿದ.

‘ಆರು’ ಅಂದೆ.

‘ಹಂಗಾರ ಅಡ್ಡಿಯಿಲ್ಲ. ಇನ್ನೊಂದ್ಸಲ ಹಚ್ಚು’ ಅಂದ.