ಸರ್ಪಂಚರು ಇಳಿದ ಮೇಲೆ ಶಾಲೆಗೆ ಕೊಟ್ಟ ಮಾತು ಯಾರ ಹೊಣೆ?

2024ರ ಫೆಬ್ರವರಿ 1ರಂದು ತೆಲಂಗಾಣದ 12,700ಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳ ಆಡಳಿತಾವಧಿ ಮುಗಿಯಿತು. 2019ರ ಜನವರಿಯಲ್ಲಿ ಆಯ್ಕೆಯಾದ ಸರ್ಪಂಚರು ಐದು ವರ್ಷ ಪೂರೈಸಿ ಕುರ್ಚಿ ಬಿಟ್ಟರು. ಮರುದಿನದಿಂದಲೇ ವಿಶೇಷಾಧಿಕಾರಿಗಳು ಪಂಚಾಯತಿಗಳ ಹೊಣೆ ಹೊತ್ತರು. ಅದೇ ವರ್ಷದ ಜುಲೈ ಆರಂಭದಲ್ಲಿ ಮಂಡಲ ಪರಿಷತ್ತು ಹಾಗೂ ಜಿಲ್ಲಾ ಪರಿಷತ್ತುಗಳ ಅವಧಿ ತೀರಿತು. 2025ರ ಜನವರಿಯಲ್ಲಿ ಗದ್ವಾಲ್, ನಾರಾಯಣಪೇಟೆ, ಮಕ್ತಲ್ ಪುರಸಭೆಗಳ ಅವಧಿಯೂ ಮುಗಿಯಿತು. ಹೀಗೆ ಒಂದೇ ವರ್ಷದೊಳಗೆ ನಮ್ಮ ಗಡಿನಾಡಿನ ಎಲ್ಲ ಸ್ಥಳೀಯ ಸಂಸ್ಥೆಗಳು ಚುನಾಯಿತ ಪ್ರತಿನಿಧಿಗಳಿಲ್ಲದೆ ಉಳಿದವು.

ಗ್ರಾಮ ಪಂಚಾಯತಿಗಳಿಗೆ ಹೊಸ ಸರ್ಪಂಚರು ಬಂದದ್ದು 2025ರ ಡಿಸೆಂಬರಿನಲ್ಲಿ. ಆ ತಿಂಗಳ 11, 14 ಮತ್ತು 17ರಂದು ಮೂರು ಹಂತಗಳಲ್ಲಿ ಮತದಾನ ನಡೆಯಿತು. ನಡುವೆ ಕಳೆದದ್ದು ಹೆಚ್ಚುಕಡಿಮೆ ಇಪ್ಪತ್ತಮೂರು ತಿಂಗಳು. ಸರ್ಪಂಚರು ಇಳಿದ ದಿನ ನಾಲ್ಕನೆಯ ತರಗತಿಯಲ್ಲಿದ್ದ ಮಗು, ಹೊಸ ಸರ್ಪಂಚರು ಬರುವ ಹೊತ್ತಿಗೆ ಆರನೆಯ ತರಗತಿಗೆ ಏರಿತ್ತು. ಆ ಮಗುವಿನ ಶಾಲೆಯ ನೀರು, ಶೌಚಾಲಯ, ಕಾಂಪೌಂಡ್ ಗೋಡೆಗಳ ಬಗ್ಗೆ ಹಿಂದಿನವರು ಕೊಟ್ಟಿದ್ದ ಮಾತುಗಳ ಗತಿ ಏನಾಯಿತು ಎಂಬುದು ಕನ್ನಡ ಮಾಧ್ಯಮದ ಪ್ರತಿಯೊಂದು ಕುಟುಂಬವೂ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ದಾರಿಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಶಾಲೆಗೂ ಸ್ಥಳೀಯ ಸಂಸ್ಥೆಗೂ ಇರುವ ನಂಟು

ನಮ್ಮ ಊರುಗಳ ಸರ್ಕಾರಿ ಶಾಲೆಗಳ ಫಲಕಗಳನ್ನು ಗಮನಿಸಿದರೆ ನಂಟು ಅಲ್ಲಿಯೇ ಕಾಣುತ್ತದೆ. ಬಹುಪಾಲು ಪ್ರಾಥಮಿಕ ಶಾಲೆಗಳು ಮಂಡಲ ಪರಿಷತ್ತಿನವು, ಬಹುಪಾಲು ಪ್ರೌಢಶಾಲೆಗಳು ಜಿಲ್ಲಾ ಪರಿಷತ್ತಿನವು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತ್ ಸಂಸ್ಥೆಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಣವೂ ಒಂದು. ಶಿಕ್ಷಕರ ನೇಮಕ, ವರ್ಗಾವಣೆ ಸರ್ಪಂಚರ ಕೈಯಲ್ಲಿಲ್ಲ. ಅದು ಶಿಕ್ಷಣ ಇಲಾಖೆಯ ಕೆಲಸ. ಆದರೆ ಕುಡಿಯುವ ನೀರು, ನೈರ್ಮಲ್ಯ, ಶಾಲೆಯ ದಾರಿ, ಬೀದಿದೀಪ, ಆವರಣದ ಸ್ವಚ್ಛತೆ ಇವು ಊರಿನ ಪಂಚಾಯತಿಯ ಕಣ್ಣಳತೆಯಲ್ಲೇ ಇರುವಂಥವು.

ಕನ್ನಡ ಶಾಲೆಗಳ ಮಟ್ಟಿಗೆ ಈ ನಂಟಿಗೆ ಇನ್ನೊಂದು ತೂಕವಿದೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ದಿನ ಅವು ಮಹಬೂಬನಗರ ಜಿಲ್ಲೆಗೆ ಸೇರಿ ಆಂಧ್ರಪ್ರದೇಶದ ಭಾಗವಾದವು. ನಾರಾಯಣಪೇಟೆ, ಮಕ್ತಲ್ ಪ್ರದೇಶಗಳು ಮೊದಲಿನಿಂದಲೂ ಮಹಬೂಬನಗರದಲ್ಲಿದ್ದವು. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ್, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಗಡಿರೇಖೆಗಳು ಇಷ್ಟು ಸಲ ಬದಲಾದರೂ ಮನೆಮಾತು ಬದಲಾಗಲಿಲ್ಲ. ಹೈದರಾಬಾದಿನ ಸಚಿವಾಲಯಕ್ಕೆ ಇಲ್ಲಿನ ಕನ್ನಡ ಶಾಲೆ ಅಂಕಿಸಂಖ್ಯೆಯಲ್ಲಿ ಬಹಳ ಚಿಕ್ಕದು. ಊರಿನ ಸರ್ಪಂಚರಿಗೆ ಮಾತ್ರ ಅದು ದಿನವೂ ಕಣ್ಣಿಗೆ ಬೀಳುವ ಕಟ್ಟಡ. ಆದ್ದರಿಂದಲೇ ಅವರು ಇಳಿಯುವಾಗ ಏನು ಬಿಟ್ಟುಹೋಗುತ್ತಾರೆ ಎಂಬುದು ನಮಗೆ ಮುಖ್ಯ.

ಅವಧಿ ಮುಗಿಯುವುದು, ರಾಜೀನಾಮೆ ಕೊಡುವುದು

ಅಧಿಕಾರ ಬಿಡುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಅವಧಿ ಮುಗಿದು ಇಳಿಯುವುದು. ಸಂವಿಧಾನದ 243ಇ ವಿಧಿಯಂತೆ ಪಂಚಾಯತಿಯ ಅವಧಿ ಅದರ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಿ ಮುಗಿಸಬೇಕೆಂದೂ ಅದೇ ವಿಧಿ ಹೇಳುತ್ತದೆ. ಹೀಗಿದ್ದೂ ಈ ಸಲ ಚುನಾವಣೆ ತಡವಾಯಿತು. 2025ರ ಜೂನ್ ತಿಂಗಳಲ್ಲಿ ತೆಲಂಗಾಣ ಹೈಕೋರ್ಟು ಮೂರು ತಿಂಗಳೊಳಗೆ ಚುನಾವಣೆ ಮುಗಿಸುವಂತೆ ಆದೇಶಿಸಿತು. ಹಿಂದುಳಿದ ವರ್ಗಗಳಿಗೆ ಶೇಕಡಾ 42 ಮೀಸಲಾತಿ ನೀಡುವ ಸರ್ಕಾರದ ಆದೇಶಕ್ಕೆ ಅಕ್ಟೋಬರಿನಲ್ಲಿ ತಡೆ ಬಿದ್ದಿತು. ಕೊನೆಗೆ ಒಟ್ಟು ಮೀಸಲಾತಿ ಶೇಕಡಾ 50ರ ಮಿತಿಯೊಳಗೆ ಇರುವಂತೆ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು.

ಎರಡನೆಯದು ನಡುವೆಯೇ ರಾಜೀನಾಮೆ ಕೊಡುವುದು. ಇದು ಬರಹದಲ್ಲಿ, ಸಂಬಂಧಪಟ್ಟ ಅಧಿಕಾರಿಗೆ ಸಲ್ಲಬೇಕು. ಸಭೆಯಲ್ಲಿ ಬೇಸರದಿಂದ ಆಡಿದ ಮಾತಾಗಲಿ, ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶವಾಗಲಿ ರಾಜೀನಾಮೆ ಆಗದು. ಸ್ಥಾನ ತೆರವಾದರೆ ಉಪ ಸರ್ಪಂಚರು ಹೊಣೆ ನೋಡಿಕೊಳ್ಳುತ್ತಾರೆ. ಉಪಚುನಾವಣೆಯಲ್ಲಿ ಗೆದ್ದು ಬರುವವರು ಉಳಿದ ಅವಧಿಗಷ್ಟೇ ಸರ್ಪಂಚರು.

ವ್ಯಕ್ತಿ ಇಳಿದರೂ ಉಳಿಯುವಂಥದು

ಪಂಚಾಯತಿ ಒಂದು ಸಂಸ್ಥೆ. ಸರ್ಪಂಚರು ಬದಲಾದರೂ ಅದರ ಠರಾವು ಪುಸ್ತಕ, ನಗದು ಪುಸ್ತಕ, ಆಸ್ತಿಗಳ ವಹಿ, ಕಾಮಗಾರಿಗಳ ಕಡತ ಅಲ್ಲಿಯೇ ಉಳಿಯುತ್ತವೆ. ಇವೆಲ್ಲವೂ ಪಂಚಾಯತಿಗೆ ಸೇರಿದವು. ಇಳಿದುಹೋಗುವವರ ಮನೆಗೆ ಹೋಗತಕ್ಕವಲ್ಲ. 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆಯ ವ್ಯವಸ್ಥೆಯಲ್ಲಿ ಚೆಕ್ಕಿಗೆ ಸರ್ಪಂಚರೂ ಉಪ ಸರ್ಪಂಚರೂ ಜಂಟಿಯಾಗಿ ಸಹಿ ಮಾಡಬೇಕು. ಅವಧಿ ಮುಗಿದ ದಿನ ಆ ಸಹಿಯ ಅಧಿಕಾರ ಮುಗಿಯುತ್ತದೆ. ಪಂಚಾಯತಿಯ ಸಾಲ, ಬಾಕಿ, ಕೈಗೊಂಡ ಕೆಲಸ ಯಾವುದೂ ಮುಗಿಯುವುದಿಲ್ಲ.

ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿ ಒಂದೇ. ಠರಾವಾಗಿ ಬರೆದಿಟ್ಟ ಮಾತು ಮುಂದಿನವರಿಗೆ ದಾಟುತ್ತದೆ, ಬಾಯಿಮಾತು ದಾಟುವುದಿಲ್ಲ. ಶಾಲೆಗೆ ಗೋಡೆ ಕಟ್ಟಿಸುತ್ತೇನೆಂದು ಸರ್ಪಂಚರು ಕಟ್ಟೆಯ ಮೇಲೆ ಕುಳಿತು ಹೇಳಿದ್ದರೆ ಅದು ಅವರೊಂದಿಗೇ ಹೋಯಿತು. ಅದೇ ಮಾತು ಗ್ರಾಮಸಭೆಯಲ್ಲಿ ಚರ್ಚೆಯಾಗಿ, ಠರಾವು ಪುಸ್ತಕ ಸೇರಿ, ಅಭಿವೃದ್ಧಿ ಯೋಜನೆಯಲ್ಲಿ ನಮೂದಾಗಿದ್ದರೆ ಹೊಸ ಸರ್ಪಂಚರ ಮುಂದೆ ಇಟ್ಟು ಉತ್ತರ ಕೇಳಬಹುದು.

ಖಾಲಿ ಕುರ್ಚಿಯ ಕಾಲದಲ್ಲಿ ಆದದ್ದು

ಹದಿನೈದನೆಯ ಹಣಕಾಸು ಆಯೋಗದ ಅನುದಾನ ಪಡೆಯಲು ಚುನಾಯಿತ ಪಂಚಾಯತಿ ಇರಬೇಕೆಂಬ ಷರತ್ತಿತ್ತು. ಆ ಅನುದಾನದ ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಚುನಾವಣೆ ತಡವಾದಂತೆ ತೆಲಂಗಾಣದ ಪಂಚಾಯತಿಗಳಿಗೆ ಬರಬೇಕಾದ ಹಣ ನಿಂತಿತು. ಇನ್ನೊಂದೆಡೆ, ತಮ್ಮ ಕಾಲದಲ್ಲಿ ಮಾಡಿಸಿದ ಕೆಲಸಗಳ ಬಿಲ್ಲು ಬಂದಿಲ್ಲವೆಂದು ರಾಜ್ಯದ ಮಾಜಿ ಸರ್ಪಂಚರು 2024ರಲ್ಲಿ ಬೀದಿಗಿಳಿದರು. ಸಾಲ ಮಾಡಿ ಊರಿನ ಕೆಲಸ ಮಾಡಿಸಿದವರ ಸಂಕಟ ಸುಳ್ಳಲ್ಲ. ಆದರೆ ಯಾವ ಕೆಲಸ, ಎಷ್ಟು ಬಾಕಿ ಎಂಬ ಲೆಕ್ಕ ಗ್ರಾಮಸಭೆಯ ಮುಂದೆ ಬಂದಿದ್ದರೆ ಆ ಸಂಕಟಕ್ಕೆ ಊರೇ ಸಾಕ್ಷಿಯಾಗುತ್ತಿತ್ತು.

ಶಾಲೆಗಳ ಯೋಜನೆಯೂ ಇದೇ ಹೊತ್ತಿಗೆ ಬದಲಾಯಿತು. 2022ರ ಮಾರ್ಚ್ 8ರಂದು ವನಪರ್ತಿಯಲ್ಲಿ ಆರಂಭವಾದ ‘ಮನ ಊರು ಮನ ಬಡಿ’ ಯೋಜನೆಯಡಿ ಕೆಲವು ಶಾಲೆಗಳಲ್ಲಿ ಕೆಲಸ ನಡೆದಿತ್ತು. 2024ರಲ್ಲಿ ಹೊಸ ಸರ್ಕಾರವು ಮಹಿಳಾ ಸ್ವಸಹಾಯ ಸಂಘಗಳ ನೇತೃತ್ವದ ‘ಅಮ್ಮ ಆದರ್ಶ ಪಾಠಶಾಲೆ’ ಸಮಿತಿಗಳಿಗೆ ಶಾಲಾ ದುರಸ್ತಿಯ ಹೊಣೆ ವಹಿಸಿತು. ಸರ್ಪಂಚರೂ ಇಲ್ಲ, ಯೋಜನೆಯ ಹೆಸರೂ ಬೇರೆ ಎಂದಾದಾಗ ಅರ್ಧಕ್ಕೆ ನಿಂತ ಕೆಲಸದ ಕಡತ ಯಾರ ಮೇಜಿನ ಮೇಲಿದೆ ಎಂದು ತಿಳಿಯುವುದೇ ಪೋಷಕರಿಗೆ ಕಷ್ಟವಾಗುತ್ತದೆ.

ನಾವು ಏನು ಕೇಳಬೇಕು, ಹೇಗೆ ಕೇಳಬೇಕು

ಕಾಯ್ದೆಯಂತೆ ಎರಡು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಊರಿನ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಲ್ಲಿ ಐದು ಪ್ರಶ್ನೆಗಳನ್ನು ಎತ್ತಬಹುದು. ಹಿಂದಿನ ಅವಧಿಯಲ್ಲಿ ನಮ್ಮ ಕನ್ನಡ ಶಾಲೆಯ ಬಗ್ಗೆ ಆದ ಠರಾವುಗಳು ಯಾವುವು? ಅವುಗಳಲ್ಲಿ ಮುಗಿದದ್ದು ಎಷ್ಟು, ನಿಂತದ್ದು ಎಷ್ಟು? ಅವುಗಳಿಗೆ ಮಂಜೂರಾದ ಹಣ, ಖರ್ಚಾದ ಹಣ ಎಷ್ಟು? ವಿಶೇಷಾಧಿಕಾರಿಯ ಕಾಲದಲ್ಲಿ ಶಾಲೆಗಾಗಿ ಏನು ನಡೆಯಿತು? ಈ ವರ್ಷದ ಅಭಿವೃದ್ಧಿ ಯೋಜನೆಯಲ್ಲಿ ಶಾಲೆಯ ಯಾವ ಕೆಲಸ ಸೇರಿದೆ? ಇವಕ್ಕೆ ಸಿಕ್ಕ ಉತ್ತರವನ್ನು ಅಂದಿನ ನಡಾವಳಿಯಲ್ಲಿ ಬರೆಸುವುದು ಪ್ರಶ್ನೆ ಕೇಳಿದಷ್ಟೇ ಮುಖ್ಯ.

ಭಾಷೆಯ ಅಳುಕು ಬೇಡ. ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಆದ್ದರಿಂದ ಕನ್ನಡದಲ್ಲಿ ಅರ್ಜಿ ಬರೆಯುವುದು ನಮ್ಮ ಹಕ್ಕು. ಬೇಗ ಕೆಲಸವಾಗಲು ತೆಲುಗು ಪ್ರತಿಯೊಂದನ್ನು ಜೊತೆಗಿಡುವುದು ಜಾಣತನ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ಆ ವಿಧಿಯಲ್ಲಿ ‘ಸ್ಥಳೀಯ ಸಂಸ್ಥೆ’ ಎಂಬ ಮಾತು ಸ್ಪಷ್ಟವಾಗಿಯೇ ಇದೆ ಎಂಬುದನ್ನು ಸರ್ಪಂಚರಿಗೂ ಕಾರ್ಯದರ್ಶಿಗೂ ನೆನಪಿಸಬಹುದು.

ಸಭೆಯಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಗ್ರಾಮ ಮಟ್ಟದ ಕಚೇರಿಗೆ ಅರ್ಜಿ ಶುಲ್ಕವಿಲ್ಲ, ಮಂಡಲ ಮಟ್ಟದಲ್ಲಿ 5 ರೂಪಾಯಿ, ಅದಕ್ಕೂ ಮೇಲೆ 10 ರೂಪಾಯಿ. 30 ದಿನಗಳೊಳಗೆ ಉತ್ತರ ಬರಬೇಕು. ‘ಶಾಲೆಗೆ ಏನು ಮಾಡಿದಿರಿ’ ಎಂದು ಕೇಳುವುದಕ್ಕಿಂತ, ‘ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗಿನ ಠರಾವುಗಳ ನಕಲು ಕೊಡಿ’ ಎಂದು ಕೇಳಿದರೆ ಉತ್ತರ ಖಚಿತವಾಗಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆತಾಯಂದಿರು ಅಥವಾ ಪೋಷಕರೇ ಇರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಆ ಸಮಿತಿಯ ಕೆಲಸ. ಆ ಯೋಜನೆಯ ಪ್ರತಿಯೊಂದು ಪಂಚಾಯತಿಯ ಕಡತದಲ್ಲಿಯೂ ಇರಲಿ.

ಮಗುವಿನ ಪ್ರಾಥಮಿಕ ಶಿಕ್ಷಣಕ್ಕೆ ಐದು ವರ್ಷ, ಸರ್ಪಂಚರ ಅವಧಿಯೂ ಐದೇ ವರ್ಷ. 2019ರ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು, ಆಗಿನ ಸರ್ಪಂಚರು ಇಳಿದ ಕೆಲವೇ ತಿಂಗಳಲ್ಲಿ ಐದನೆಯ ತರಗತಿ ದಾಟಿದರು. ಈಗ ಬಂದಿರುವ ಸರ್ಪಂಚರ ಅವಧಿ 2030ರ ಡಿಸೆಂಬರಿನವರೆಗೆ. ಅವರು ಇಳಿಯುವ ದಿನ ಗ್ರಾಮಸಭೆಯ ಮುಂದೆ ನಿಂತು ಶಾಲೆಯ ಲೆಕ್ಕವನ್ನು ಓದಿಹೇಳಬೇಕಾದರೆ, ಆ ಲೆಕ್ಕವನ್ನು ಬರೆಸುವ ಕೆಲಸ ಮುಂದಿನ ಗ್ರಾಮಸಭೆಯಿಂದಲೇ ಆರಂಭವಾಗಬೇಕು.